ಸಂಜೆ ಐದಕ್ಕೆ ಹತ್ತುತ್ತಿದ್ದ ಬೀದಿ ದೀಪಗಳು

ಅತ್ತೆಯ ಕೈಯಲ್ಲಿರುತ್ತಿದ್ದ ಕೋಲು ಕಾಫಿ ಗಿಡದ್ದೋ ಪೇರಳೆಯದ್ದೋ, ಈಗ ಖಚಿತವಾಗಿ ಹೇಳಲಾರೆ. ಡೈರಿಯಲ್ಲಿ ಕಾಫಿ ಎಂದು ಬರೆದಿದ್ದೇನೆ. ಆದರೆ ಆ ಪುಟ ಬರೆದದ್ದು ಎಲ್ಲ ಮುಗಿದ ಮೇಲೆ, ತಪ್ಪು ಮಾಡಿದವಳ ಹಾಗೆ ಕೂತು. ಅದರಲ್ಲಿ ಇನ್ನೂ ಕೆಲವು ವಿವರ ತಪ್ಪಿರಬಹುದು. ಕೋಲು ಇದ್ದದ್ದು ಮಾತ್ರ ನಿಜ.

ಅತ್ತೆ ಎಂದರೆ ಅಪ್ಪನ ತಂಗಿ. ಅವರ ಮನೆ ಇರುವುದು ಬಣಕಲ್ ದಾಟಿ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ. ಅಲ್ಲಿಯ ಬೀದಿ ದೀಪಗಳ ಸ್ವಿಚ್ ಪೆಟ್ಟಿಗೆ ಮನೆಯಿಂದ ಸ್ವಲ್ಪ ಮುಂದಿನ ಕಂಬದಲ್ಲಿತ್ತು. ಕಂಬ ಯಾರ ಮನೆಗೆ ಹತ್ತಿರವೋ ಅವರು ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸುವುದು ಅಲ್ಲಿ ಮೊದಲಿನಿಂದ ನಡೆದು ಬಂದ ರೂಢಿ. ಮಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರಿಗೆ ಮಂಡಿ ನೋವು ಶುರುವಾದ ಮೇಲೆ ಆ ಕೆಲಸ ಅತ್ತೆಗೆ ಬಂತು. ಪೆಟ್ಟಿಗೆ ಒದ್ದೆಯಾದರೆ ಶಾಕ್ ಹೊಡೆಯುತ್ತಿತ್ತು. ಅದಕ್ಕೇ ಆ ಒಣ ಕೋಲು.

ಕೆಲಸವಿಲ್ಲದೆ ಹೆಂಗಸರು ಗೇಟು ದಾಟಬಾರದು ಎಂಬುದು ಮಾವನ ನಿಯಮ. ಗದರಿ ಹೇಳಿದ್ದನ್ನು ನಾನು ಕೇಳಿಲ್ಲ. ಅತ್ತೆ ಚಪ್ಪಲಿ ಮೆಟ್ಟಿದಾಗೆಲ್ಲ ಜಗಲಿಯ ಕುರ್ಚಿಯಿಂದ, "ಎಲ್ಲಿಗೆ? ಏನು ಕೆಲಸ?" ಎಂದು ಕೇಳುತ್ತಿದ್ದರು, ಅಷ್ಟೆ. ದಿನಸಿ ಅಂಗಡಿಯಿಂದ ಮನೆಗೇ ಬರುತ್ತಿತ್ತು. ಮಾವನ ಪ್ರಶ್ನೆಗೆ ಅತ್ತೆಯ ಬಳಿ ಇದ್ದ ಉತ್ತರ ಒಂದೇ.

"ಲೈಟ್ ಹಾಕ್ಬೇಕಲ್ಲ."

ಓದು ಮುಗಿಸಿ ನಾನು ಸೇರಿದ್ದು ಒಂದು ಗುತ್ತಿಗೆ ಕೆಲಸಕ್ಕೆ. ಬೀದಿ ದೀಪಗಳಲ್ಲಿ ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಅಳೆಯಬೇಕು, ಹಳೆಯ ಸೋಡಿಯಂ ದೀಪದ ಜಾಗಕ್ಕೆ ಎಲ್‌ಇಡಿ, ಕೈ ಸ್ವಿಚ್ಚಿನ ಜಾಗಕ್ಕೆ ಟೈಮರ್ ಸೂಚಿಸಬೇಕು. ಚಿಕ್ಕಮಗಳೂರಿನಲ್ಲಿ ಶುರುವಾದ ಸರ್ವೆ ಕೊನೆಗೆ ಅತ್ತೆಯ ಊರಿನ ಲೈನಿಗೂ ಬಂತು. ಮೀಟರ್ ಕಟ್ಟಿ ನೋಡಿದರೆ, ಬಿಸಿಲು ಇಳಿಯುವ ಮೊದಲೇ, ಸಂಜೆ ಐದಕ್ಕೇ, ಅಷ್ಟೂ ದೀಪ ಉರಿಯುತ್ತಿದ್ದವು.

ಮರುದಿನ ಐದಕ್ಕೆ ನಾನೇ ಹೋಗಿ ದೂರದಲ್ಲಿ ನಿಂತೆ. ಅತ್ತೆ ಕೋಲಿನಿಂದ ಸ್ವಿಚ್ ಒತ್ತಿದರು. ಮನೆಗೆ ತಿರುಗಲಿಲ್ಲ. ಕಂಬದ ಹತ್ತಿರ ರಸ್ತೆಯ ಮೋರಿ ಕಟ್ಟೆಯ ಮೇಲೆ ಟೈಲರಿಂಗ್ ಮಾಡುವ ಹೆಂಗಸೊಬ್ಬರು ಕೂತಿದ್ದರು, ಅವರ ಪಕ್ಕ ಹೋಗಿ ಕೂತರು.

"ಏನಕ್ಕಾ, ಇವತ್ತು ಸೂರ್ಯನಿಗೂ ಲೈಟ್ ಹಾಕಿದ್ರಾ?" ಎಂದು ಆಕೆ ಕೆಣಕಿದರು.

"ಘಾಟಿ ಇಳೀಬೇಕಲ್ಲ ಮಾರಾಯ್ತಿ, ಅವನಿಗೂ ದಾರಿ ಕಾಣ್ಬೇಡ್ವಾ?"

ಇಬ್ಬರೂ ನಕ್ಕರು. ಮಂಗಳೂರಿನ ಬಸ್ಸು ಹೋಯಿತು, ಇನ್ನೊಂದು ಬಂತು. ಅತ್ತೆ ಎದ್ದದ್ದು ನಿಜವಾಗಿಯೂ ಕತ್ತಲಾಗುವ ಹೊತ್ತಿಗೆ. ಅವರು ಮನೆಯಲ್ಲಿ ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ನಕ್ಕೂ ಇರಬಹುದು. ಈ ಬರಹಕ್ಕೆ ಅನುಕೂಲವೆಂದು ನನ್ನ ನೆನಪು ಅದನ್ನು ಬಿಟ್ಟಿರಬಹುದು.

ಮಾರನೆಯ ದಿನ ವರದಿಯಲ್ಲಿ ಬರೆದೆ: ಕೈಯಿಂದ ಹಾಕುವ ಸ್ವಿಚ್, ಹಗಲಲ್ಲೇ ಉರಿಯುತ್ತದೆ, ಟೈಮರ್ ಅಗತ್ಯ. ಆ ಕೈ ಯಾರದೆಂದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ಎಂದು ಡೈರಿಯಲ್ಲಿ ಬರೆದು, ಆಮೇಲೆ ಹೊಡೆದುಹಾಕಿದ್ದೇನೆ. ಅತ್ತೆಗೆ ಮಳೆ ಚಳಿಯಲ್ಲಿ ಓಡಾಡುವುದು ತಪ್ಪುತ್ತದೆ ಎಂದೂ ಅಂದುಕೊಂಡಿದ್ದೆ. ವರದಿ ತಪ್ಪೆಂದು ಈಗಲೂ ಹೇಳಲಾರೆ. ಬಿಸಿಲಲ್ಲಿ ದೀಪ ಉರಿಸಿದರೆ ಪೋಲೇ.

ಕೆಲವು ತಿಂಗಳಲ್ಲಿ ಟೈಮರ್ ಬಂತು. ಪೆಟ್ಟಿಗೆಗೆ ಬೀಗ ಬಿತ್ತು.

ಅದಾದ ಮೇಲೆ ಹೋದಾಗ ಮಾವ ಖುಷಿಯಾಗಿದ್ದರು. "ಒಳ್ಳೆ ಕೆಲಸ ಮಾಡಿದೆ ಮಾರಾಯ್ತಿ. ನಿಮ್ಮತ್ತೆಗೆ ಈಗ ಪೂರಾ ರೆಸ್ಟು."

ಐದು ಗಂಟೆಗೆ ಅತ್ತೆ ಚಪ್ಪಲಿಯ ಹತ್ತಿರ ಹೋದರು. ಕಾಲಲ್ಲೇ ಅದನ್ನು ಜೋಡಿಸಿಟ್ಟು ಒಳಗೆ ಬಂದರು. ಕೋಲು ಈಗ ಅಡುಗೆಮನೆ ಕಿಟಕಿಗೆ ಆನಿಸಿಟ್ಟಿತ್ತು, ಬೆಕ್ಕು ಒಳಗೆ ಬರದ ಹಾಗೆ. ಆ ಕಿಟಕಿಯಿಂದ ಕಂಬದ ತುದಿ ಮಾತ್ರ ಕಾಣುತ್ತದೆ, ಮೋರಿ ಕಾಣುವುದಿಲ್ಲ. ಆರೂವರೆಯ ಮೇಲೆ ದೀಪ ತಾನಾಗಿ ಹತ್ತಿತು. ಬಿಳಿ ಬೆಳಕು, ಚೆನ್ನಾಗಿಯೇ ಇತ್ತು.

"ಸರಿಯಾದ ಟೈಮಿಗೆ ಬರುತ್ತೆ," ಎಂದರು ಅತ್ತೆ. "ಒಂದು ದಿನಾನೂ ತಪ್ಪಿಲ್ಲ."

ನಾನು ಜಗಲಿಯವರೆಗೂ ಕೇಳುವಷ್ಟು ಜೋರಾಗಿಯೇ ಅತ್ತೆಯನ್ನು ಒಂದು ಮಾತು ಕೇಳಿದೆ. ಹೊರಗೆ ಕುರ್ಚಿ ಕಿರುಗುಟ್ಟಿತು. ಅತ್ತೆ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಉಕ್ಕದ ಹಾಲನ್ನೇ ನೋಡುತ್ತ ನಿಂತರು. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ನಾನು ಕೇಳಿದ ಆ ಮಾತೊಂದನ್ನು ಬಿಟ್ಟು ಬೇರೆಲ್ಲ. ಕೇಳಿದ್ದು ಇಷ್ಟೇ:

"ಅತ್ತೆ, ನಾಳೆ ಐದು ಗಂಟೆಗೆ, ಏನೂ ಕೆಲಸ ಇಲ್ದೆ, ನನ್ನ ಜೊತೆ ಮೋರಿ ತನಕ ಬರ್ತೀರಾ?"