ಮೂರನೇ ತಿಂಗಳ ಎಕ್ಸ್-ರೇ

ಬೀದಿಯ ಮಕ್ಕಳಿಗೆಲ್ಲ ಅವಳು ಕತ್ತರಿ ಚಿಕ್ಕಮ್ಮ. ಎರಡು ಕುರ್ಚಿಯ ಸಣ್ಣ ಅಂಗಡಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಕೂದಲು ಕತ್ತರಿಸುವುದು ಅವಳ ಕಸುಬು. ಯಾವ ಸ್ಟೈಲ್ ಬೇಕು ಅಂತ ಕೇಳಿ, ಕೊನೆಗೆ ತನಗೆ ಸರಿ ಕಂಡಂತೆ ಕತ್ತರಿಸುವವಳು. ಆದರೂ ಯಾರೂ ಮುಖ ಊದಿಸಿಕೊಂಡು ಹೋದದ್ದಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲತೋಳಿನ ಮೂಳೆ, ಭುಜಕ್ಕೂ ಮೊಣಕೈಗೂ ನಡುವೆ, ಎರಡು ತುಂಡಾಯಿತು.

ಅವಳ ಒಡಹುಟ್ಟಿದ ಅಕ್ಕ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ತೆಗೆಯುವವಳು. "ನಮ್ಮ ಡಾಕ್ಟರಿಗೇ ತೋರಿಸು, ನಾನಿದ್ದೀನಲ್ಲ" ಅಂದಳು. ಡಾಕ್ಟರು ತೋಳಿಗೆ ಪಟ್ಟಿ ಬಿಗಿದು, ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತೆ ಅಂದರು.

ಮೂರನೇ ತಿಂಗಳು ಅಕ್ಕನೇ ಎಕ್ಸ್-ರೇ ತೆಗೆದಳು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಲಕೋಟೆಗೆ ಸೇರಿಸುತ್ತಾ, "ಕೂಡ್ತಾ ಇದೆ ಕಣೇ" ಅಂದಳು. ಆದರೆ ಬಾಚಣಿಗೆ ಎತ್ತಿದರೂ ಸಾಕು, ತೋಳಿನ ನಡುವೆ ಇನ್ನೊಂದು ಕೀಲಿದ್ದಂತೆ ಬಾಗುತ್ತಿತ್ತು. ಹೇಳಿದರೆ ಅಕ್ಕ ರೇಗುತ್ತಿದ್ದಳು: "ಸುಮ್ನಿರೋಳಾ ನೀನು? ಯಾರ ತಲೆಗೋ ಕೈ ಹಾಕಿ ಅಲ್ಲಾಡಿಸಿರ್ತೀಯ." ಗಂಡನೂ ಅದನ್ನೇ ನಂಬಿದ. ಕೊನೆಗೆ ಅವಳೂ ನಂಬಿದಳು. ತೋಳನ್ನು ದಿಂಬಿಗೆ ಕಟ್ಟಿಕೊಂಡು ಮಲಗತೊಡಗಿದಳು.

ಎಂಟನೇ ತಿಂಗಳು, ಗಿರಾಕಿಯೊಬ್ಬಳ ಒತ್ತಾಯಕ್ಕೆ ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿನ ಸರ್ಜನ್ ಹಳೆಯ ಫಿಲ್ಮುಗಳನ್ನು ಸಾಲಾಗಿ ಇಟ್ಟು ನೋಡಿದರು. ಬೆರಳು ಮೂರನೇ ತಿಂಗಳ ಫಿಲ್ಮಿನ ಮೇಲೆ ನಿಂತಿತು.

"ಸಂದು ಇಲ್ಲೇ ಕಾಣ್ತಿದೆ. ಹೊಸ ಮೂಳೆ ಬೆಳೆದೇ ಇಲ್ಲ. ದಿನಾ ಫಿಲ್ಮ್ ನೋಡೋರಿಗೆ ಗೊತ್ತಾಗದೇ ಇರಲ್ಲ."

"ನಾನು ಅಲ್ಲಾಡಿಸಿದ್ದಕ್ಕಾ?"

"ನಿಮ್ಮ ತಪ್ಪಲ್ಲಮ್ಮ."

ಸಮಾಧಾನವಾಗಬೇಕಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

ಸೊಂಟದ ಎಲುಬಿನಿಂದ ಒಂದಿಷ್ಟು ಮೂಳೆ ತೆಗೆದು ಸಂದಿಗೆ ತುಂಬಿ, ಲೋಹದ ಪಟ್ಟಿಯಿಟ್ಟು ತಿರುಪು ಬಿಗಿದರು. ತೋಳಿಗಿಂತ ಸೊಂಟವೇ ಹೆಚ್ಚು ನೋಯುತ್ತಿತ್ತು. ಮೂರನೇ ದಿನ ಅಕ್ಕ ಫ್ಲಾಸ್ಕ್ ಹಿಡಿದು ಬಂದಳು.

"ನಿನಗೆ ಗೊತ್ತಿತ್ತಾ?"

ಅಕ್ಕ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು. "ನೀನು ಬಾಯಿ ಹಾಕ್ಬೇಡ ಅಂದ್ರು ಡಾಕ್ಟರು. ನನ್ನ ಕೆಲಸ..."

"ಬಾಯಿ ಮುಚ್ಕೊಂಡಿದ್ದಿದ್ರೆ ಹೋಗ್ಲಿ ಅಂತಿದ್ದೆ. ನನ್ನನ್ನೇ ಬೈದೆಯಲ್ಲ, ಅದ್ಯಾಕೆ?"

ಅಕ್ಕ ಫ್ಲಾಸ್ಕನ್ನು ಮಂಚದ ಪಕ್ಕ ಇಟ್ಟು ಹೊರಟಳು.

ಐದು ತಿಂಗಳಿಗೆ ಮೂಳೆ ಕೂಡಿತು. ಕೈ ತಲೆಯ ಮಟ್ಟದಿಂದ ಮೇಲೆ ಏರದು. ಎತ್ತರದವರು ಬಂದರೆ ಕುರ್ಚಿ ತಗ್ಗಿಸಿಕೊಳ್ಳುತ್ತಾಳೆ. ಅಂಗಡಿ ಮತ್ತೆ ತೆರೆದ ವಾರವೇ ಅಕ್ಕ ಬಂದಳು. ಬೇರೆಯವರ ಕತ್ತರಿಗೆ ಎಂದೂ ತಲೆ ಕೊಟ್ಟವಳಲ್ಲ. ಬಾಗಿಲಲ್ಲೇ ನಿಂತು, "ಬರ್ಲೇನೇ?" ಅಂದಳು.

"ಬನ್ನಿ, ಕೂತ್ಕೊಳ್ಳಿ. ನಿಮಗಿಂತ ಮುಂಚೆ ಇಬ್ಬರಿದ್ದಾರೆ."

ತಂಗಿಗೆ ಮಾತು ಬಂದಾಗಿನಿಂದ ಏಕವಚನದಲ್ಲೇ ಕರೆಸಿಕೊಂಡವಳು ಅಕ್ಕ. ಆ 'ಬನ್ನಿ' ಕೇಳಿ ಬೆಂಚಿನ ತುದಿಯಲ್ಲಿ ಹೋಗಿ ಕೂತಳು.