ತಿದ್ದುವ ಹೊತ್ತು

ನನ್ನ ಮೈಯೊಳಗಿನ ಜೀವಕೋಶಗಳು ನನಗಿಂತ ಮರ್ಯಾದಸ್ಥರು. ವಿನಯಕ್ಕೆ ಹೇಳುತ್ತಿಲ್ಲ, ತಿರುವನಂತಪುರದ ಲ್ಯಾಬೊಂದರಲ್ಲಿ ಐದು ವರ್ಷ ಅವುಗಳ ನಡವಳಿಕೆ ನೋಡಿ ಡಾಕ್ಟರೇಟ್ ಪಡೆದವನು ನಾನು. ಕೋಶ ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳಬೇಕು. ಕೋಟಿಗಟ್ಟಲೆ ಅಕ್ಷರ, ತಪ್ಪು ಬಿದ್ದೇ ಬೀಳುತ್ತದೆ. ಆದರೆ ನಕಲು ಮಾಡುವ ಕಿಣ್ವ ಅಲ್ಲೇ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ತಪ್ಪನ್ನು ಕಿತ್ತು ಸರಿಯಾದದ್ದನ್ನು ಕೂರಿಸುತ್ತದೆ. ಅದರ ಕಣ್ಣಿಗೂ ತಪ್ಪಿದ್ದನ್ನು ಹಿಂದೆ ಬರುವ ಇನ್ನೊಂದು ತಂಡ ಹಿಡಿಯುತ್ತದೆ. ಯಾರು ಮಾಡಿದ್ದು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ಕೇಳುತ್ತಿದ್ದರು. ಫ್ರೀಜರ್ ತೆರೆದವರು ಪಕ್ಕದ ಪುಸ್ತಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ಒಂದು ಶುಕ್ರವಾರ ಸಂಜೆ ಸೆಕೆ ತಾಳಲಾರದೆ, ಲಿಂಬೆ ಶರಬತ್ತಿಗೆಂದು ನಾನು ಅದರೊಳಗಿನ ಐಸ್ ಕದ್ದೆ. ಕದಿಯುವವನು ಸಹಿ ಹಾಕುತ್ತಾನೆಯೇ? ಬಾಗಿಲು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಸೋಮವಾರ ನೋಡಿದರೆ, ಜೆಸಿಂತಾ ವರ್ಷವಿಡೀ ಶುದ್ಧಮಾಡಿಟ್ಟ ಕಿಣ್ವಗಳೆಲ್ಲ ಕೆಟ್ಟಿದ್ದವು. ಪುಸ್ತಕದಲ್ಲಿ ಕೊನೆಯ ಸಹಿ ಅವಳದೇ. ಮಂಜೇಶ್ವರದ ಹುಡುಗಿ, ಅಲ್ಲಿ ನನ್ನೊಡನೆ ಕನ್ನಡ ಮಾತಾಡಲು ಇದ್ದವಳು ಅವಳೊಬ್ಬಳೇ. ಗೈಡ್ ಎಲ್ಲರೆದುರು ಬೈದರು. ಬಾಗಿಲು ಒತ್ತಿಯೇ ಬಂದ ನೆನಪು ಎಂದು ಅವಳು ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಪೈಪೆಟ್ ನೋಡಿಕೊಂಡೆ. ಎರಡೇ ತಿಂಗಳಿಗೆ ಅವಳು ಸಂಶೋಧನೆ ಬಿಟ್ಟು ಹೋದಳು.

ಕೋಶದ ರಿಪೇರಿಗೂ ಗಡುವಿದೆ. ನಕಲು ಹೊಸದಾಗಿರುವ ತನಕ ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದು ಮೂಲ, ಯಾವುದು ನಕಲು ಎಂದು ಗೊತ್ತಾಗುತ್ತದೆ. ಅಷ್ಟರೊಳಗೆ ತಿದ್ದದಿದ್ದರೆ ಮುಂದಿನ ಸಲ ತಪ್ಪೂ ನಕಲಾಗುತ್ತದೆ. ಆಮೇಲೆ ಎರಡೂ ಎಳೆ ಒಂದಕ್ಕೊಂದು ಹೊಂದಿಕೊಂಡು, ತಪ್ಪೆನ್ನಲು ಸಾಕ್ಷಿಯೇ ಉಳಿಯುವುದಿಲ್ಲ. ಇದನ್ನು ಥೀಸಿಸ್‌ನಲ್ಲಿ ಚಿತ್ರಸಮೇತ ಬರೆದು ಶಹಬ್ಬಾಸ್ ಅನ್ನಿಸಿಕೊಂಡವನು ನಾನು. ನೆನೆದರೆ ನಾಚಿಕೆಯಾಗುತ್ತದೆ.

ಹನ್ನೆರಡು ವರ್ಷದ ಮೇಲೆ, ಮೊನ್ನೆ ಕೊಚ್ಚಿಯ ಎಡಪ್ಪಳ್ಳಿಯ ಮಾಲಿನಲ್ಲಿ ಜೆಸಿಂತಾ ಸಿಕ್ಕಳು. ಪಾಲಾರಿವಟ್ಟಂನ ವಿಮೆ ಕಚೇರಿಯಲ್ಲಿ ಕೆಲಸವಂತೆ. ಜೊತೆಗೆ ಎಂಟು ವರ್ಷದ ಮಗಳು. ಕಾಫಿಗೆ ಕೂತೆವು. ಮನೆಯಲ್ಲಿ ಫ್ರಿಜ್ಜಿನ ಬಾಗಿಲನ್ನು ಎರಡೆರಡು ಸಲ ಒತ್ತಿ ನೋಡಲು ಮಗಳಿಗೆ ಕಲಿಸಿದ್ದಾಳಂತೆ. ತನ್ನ ತಪ್ಪಿನಿಂದ ಕಲಿತ ಪಾಠ ಎಂದು ನಕ್ಕಳು. ನನಗೆ ತಡೆಯಲಾಗಲಿಲ್ಲ. ಐಸು, ಶರಬತ್ತು, ಹಾಕದ ಸಹಿ, ಎಲ್ಲ ಹೇಳಿಬಿಟ್ಟೆ.

ಅವಳು ನನ್ನ ಕೈ ತಟ್ಟಿದಳು.

"ಬಿಡು ಮಾರಾಯ, ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಬಾಗಿಲು ಹಾಕದೆ ಬಂದದ್ದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ನೀನು ಮೊದಲಿಂದ್ಲೂ ಒಳ್ಳೆಯವನು."

ಮತ್ತೆ ಮಗಳ ಕಡೆ ತಿರುಗಿ, ಸ್ನೇಹಿತರೆಂದರೆ ಈ ಅಂಕಲ್ ಹಾಗಿರಬೇಕು ಎಂದು ಮಲಯಾಳದಲ್ಲಿ ಹೇಳಿದಳು. ಹುಡುಗಿ ತಲೆಯಾಡಿಸಿ, ನನ್ನನ್ನು ಬಹಳ ಗೌರವದಿಂದ ನೋಡಿತು.