ಕಿತ್ತಳೆ ಪಟ್ಟೆ, ಹಳದಿ ಪಟ್ಟೆ

ಬೀದಿಯವರು ಅವಳನ್ನು ಡಬ್ಬಿ ಅಕ್ಕ ಎನ್ನುತ್ತಿದ್ದರು. ಮನೆಯ ಹಿಂದಿನ ಕೋಣೆಯಲ್ಲಿ ಮೊದಮೊದಲು ಬೆಂಕಿಪೊಟ್ಟಣಗಳನ್ನೇ ಒಂದಕ್ಕೊಂದು ಅಂಟಿಸಿ, ಎಳೆಯಲು ದಾರದ ಗಂಟು ಹಾಕಿ, ಎದೆಯೆತ್ತರದ ಕಪಾಟು ಮಾಡಿಕೊಂಡಿದ್ದಳು. ಆಮೇಲೆ ಮಾತ್ರೆಯ ಸೀಸೆಗಳು ಬಂದವು, ಹಾಲುಪುಡಿಯ ಡಬ್ಬಗಳು ಬಂದವು. ಕೊನೆಗೆ ಬಂದದ್ದು ಅರವತ್ತು ಖಾನೆಗಳ ಪ್ಲಾಸ್ಟಿಕ್ ಕಪಾಟು. ಅದು ಮನೆಗೆ ಬಂದ ದಿನ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಅಡುಗೆಮನೇಲಿ ಉಪ್ಪಿಗೊಂದು ಡಬ್ಬಿ ಇಲ್ಲ, ಈ ಹುಳುಗಳಿಗೆ ಅರಮನೆ ನೋಡು" ಎಂದಿದ್ದರು.

ಹುಳುಗಳೆಂದರೆ ರೆಸಿಸ್ಟರುಗಳು. ಅಕ್ಕಿಕಾಳಿಗಿಂತ ತುಸು ದಪ್ಪ ಮೈ, ಎರಡೂ ಕಡೆಗೆ ತಂತಿಯ ಕಾಲು, ಮೈಮೇಲೆ ಬಣ್ಣದ ಪಟ್ಟೆಗಳು. ಯಾವುದು ಎಷ್ಟು ವಿದ್ಯುತ್ತನ್ನು ತಡೆಯುತ್ತದೆ ಎಂಬುದನ್ನು ಆ ಪಟ್ಟೆಗಳೇ ಹೇಳಬೇಕು. ರೇಡಿಯೊ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಒಂದೇ ಮೇಜಿನ ಮುಂದೆ ಕೂತು ಇವುಗಳ ಕಾಲುಗಳನ್ನು ತೂತಿಗೆ ತೂರಿಸಿದವಳು ಅವಳು. ಕಾರ್ಖಾನೆ ಮುಚ್ಚಿದಾಗ ಕೈ ಸುಮ್ಮನಿರಲಿಲ್ಲ. ಮನೆಯಲ್ಲೇ ರಿಪೇರಿ ಶುರುಮಾಡಿದಳು.

ಪ್ರತಿ ಖಾನೆಯ ಮುಖಕ್ಕೂ ಒಳಗಿರುವ ಬಿಡಿಭಾಗದ್ದೇ ಒಂದನ್ನು ಅಂಟಿಸಿದ್ದಳು. ಓದು ಬಾರದವರೂ ನೋಡಿ ತೆಗೆದುಕೊಡಬಹುದು. ತನ್ನ ಖಾನೆಯಿಂದ ತೆಗೆದದ್ದನ್ನು ಅವಳು ಮತ್ತೆ ಮೀಟರಿಗೆ ಹಿಡಿದು ಅಳೆಯುತ್ತಿರಲಿಲ್ಲ. ಕಣ್ಣು ಕೆಲಸದ ಮೇಲಿರುತ್ತಿತ್ತು, ಕೈ ತಾನಾಗಿ ಖಾನೆಗೆ ಹೋಗಿ ಬರುತ್ತಿತ್ತು. "ಸೀಮೆಣ್ಣೆ ಬುಡ್ಡಿ ಆರಿದ್ರೂ ಇವಳು ಹುಡುಕ್ತಾಳೆ. ನನ್ನನ್ನ ಮಾತ್ರ ಸಂತೇಲಿ ಕಳ್ಕೊಂಡು ಬರ್ತಾಳೆ" ಎಂದು ಬಸ್ಸಿನ ಡ್ರೈವರಾಗಿದ್ದ ಗಂಡ ಬಂದವರೆದುರು ನಗಾಡುತ್ತಿದ್ದ.

ಈಗ ಆ ಕೋಣೆಯಲ್ಲಿ ಯಾರೂ ನಗಾಡುತ್ತಿರಲಿಲ್ಲ.

ಪಕ್ಕದ ಬೀದಿಯ ಟೈಲರು ಹಾಸಿಗೆ ಹಿಡಿದಿದ್ದರು. ಮಂಚದ ಪಕ್ಕ ಕರೆಯಲು ಒತ್ತುವ ಒಂದು ಗುಂಡಿ, ಅಲ್ಲಿಂದ ಅಡುಗೆಮನೆಗೆ ತಂತಿ, ತಂತಿಯ ಕೊನೆಗೆ ಗಂಟೆಯ ಪೆಟ್ಟಿಗೆ. ಪೆಟ್ಟಿಗೆ ಕೆಟ್ಟಾಗ ಡಬ್ಬಿ ಅಕ್ಕನೇ ಸುಟ್ಟ ರೆಸಿಸ್ಟರ್ ತೆಗೆದು ಹೊಸದು ಹಾಕಿಕೊಟ್ಟಳು. ಗಂಟೆ ಚೆನ್ನಾಗಿಯೇ ಹೊಡೆಯಿತು. ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಟೈಲರು ಗುಂಡಿ ಒತ್ತಿದರು. ಗಂಟೆ ಹೊಡೆಯಲಿಲ್ಲ. ತಾವೇ ಎದ್ದರು, ಬಿದ್ದರು, ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಟೈಲರ ಮಗಳು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ಅಳಲಿಲ್ಲ, ಬೈಯಲೂ ಇಲ್ಲ.

"ಅಕ್ಕ, ಏನಾಗಿತ್ತು ಅಂತ ನೋಡಿ. ಭಾನುವಾರ ಬರ್ತೀನಿ. ನನಗೆ ಗೊತ್ತಾಗ್ಬೇಕು, ಅಷ್ಟೇ."

ಬಿಚ್ಚಿದ ತಕ್ಷಣ ಗೊತ್ತಾಯಿತು. ಕಂದು, ಕಪ್ಪು, ಕಿತ್ತಳೆ ಇರಬೇಕಾದಲ್ಲಿ ಕಂದು, ಕಪ್ಪು, ಹಳದಿ. ಹತ್ತು ಸಾವಿರ ಓಮ್ ಇರಬೇಕಾದ ಜಾಗದಲ್ಲಿ ಒಂದು ಲಕ್ಷ. ಹತ್ತು ಪಟ್ಟು ತಡೆ. ಬ್ಯಾಟರಿ ಹೊಸದಿರುವಷ್ಟು ದಿನ ಗಂಟೆ ಹೇಗೋ ಹೊಡೆದಿದೆ. ಬ್ಯಾಟರಿ ಸ್ವಲ್ಪ ಸೊರಗಿದ ದಿನ ಮೌನವಾಗಿದೆ.

ಬಗೆಹರಿಯಬೇಕಾದದ್ದು ಒಂದೇ. ತಪ್ಪು ಖಾನೆಗೆ ಹೋದದ್ದು ತನ್ನ ಕೈಯೋ, ಅಥವಾ ಸರಿಯಾದ ಖಾನೆಯಲ್ಲೇ ತಪ್ಪು ಮಾಲು ಸೇರಿತ್ತೋ? ಕೈಯೇ ತಪ್ಪಿದ್ದರೆ ಬೆಸುಗೆ ಕಡ್ಡಿಯನ್ನು ಇನ್ನು ಮುಟ್ಟುವುದು ಬೇಡ ಎಂದು ಅವಳು ನಿರ್ಧರಿಸಿದ್ದಳು. ಆ ನಿರ್ಧಾರದಲ್ಲಿ ದುಃಖವೇನೂ ಇರಲಿಲ್ಲ. ಅಂಗಡಿ ಬಾಗಿಲಿಗೆ ಇಂದು ರಜೆ ಎಂದು ಹಲಗೆ ತೂಗುಹಾಕಿದಷ್ಟೇ ಸರಳವಾಗಿತ್ತು.

ಪಟ್ಟೆ ನೋಡುವ ತನ್ನ ಕಣ್ಣನ್ನೂ ಅವಳು ಈಗ ನಂಬಲಿಲ್ಲ. ಕಿಟಕಿಯ ಪಕ್ಕ ಬಿಳಿ ಬಟ್ಟೆ ಹಾಸಿ, ಕಿಕ್ಕಿರಿದು ತುಂಬಿದ್ದ ಹತ್ತು ಸಾವಿರದ ಖಾನೆಯಿಂದ ಒಂದೊಂದೇ ತೆಗೆದು ಮೀಟರಿನ ಎರಡು ಕಡ್ಡಿಗಳ ನಡುವೆ ಹಿಡಿದಳು. ಅಂಕಿ ಬಂತು. ಸರಿ. ಪಕ್ಕಕ್ಕೆ. ಇನ್ನೊಂದು. ಸರಿ. ಸೋಮವಾರ ಹೀಗೇ ಕಳೆಯಿತು, ಮಂಗಳವಾರವೂ. ಊಟಕ್ಕೆ ಕರೆದರೆ ಎದ್ದು ಹೋಗಿ ಉಣ್ಣುತ್ತಿದ್ದಳು; ಏನು ಉಂಡೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಒಂದೊಂದನ್ನೂ ಅಳೀತಾ ಕೂತ್ರೆ ತಲೆ ಕೆಡತ್ತೆ" ಎಂದ ಗಂಡ. "ಸೋಡಾ ಅಂಗಡಿಯವನು ಬಾಟ್ಲಿ ಎಲ್ಲಾ ಕುಡಿದು ನೋಡಿ ಮಾರ್ತಾನಾ?"

ನಗುತ್ತಾಳೇನೋ ಎಂದು ಕಾದ. ಅವಳು "ಹೂಂ" ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದ.

ಅತ್ತೆ ಆ ದಿನಗಳಲ್ಲಿ ಕೋಣೆಯ ಹೊಸ್ತಿಲ ತನಕ ಬರುವುದು, ನಿಲ್ಲುವುದು, ಹೋಗುವುದು. ಹುಳು ಎಂದು ಹಂಗಿಸಲೂ ಇಲ್ಲ. ಬುಧವಾರ ಮಾತ್ರ ಕೇಳಿದರು.

"ಇನ್ನೂ ಎಷ್ಟಿದೆ?"

"ಅರ್ಧ ಆಯ್ತು ಅತ್ತೆ."

"ಎಲ್ಲಾ ಸರಿ ಇದ್ಯಾ?"

"ಇಲ್ಲೀವರೆಗೆ ಸರಿ."

"ಸರಿ ಇದ್ರೆ ಒಳ್ಳೇದೇ ಅಲ್ವಾ?"

"ಸರಿ ಇದ್ರೆ ನನ್ನ ಕೈಯೇ ತಪ್ಪಿದ್ದು ಅಂತ ಅರ್ಥ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಟುಹೋದರು.

ಶುಕ್ರವಾರದ ಹೊತ್ತಿಗೆ ಖಾನೆಯ ತಳ ಕಾಣತೊಡಗಿತ್ತು. ಮೇಲಿನವೆಲ್ಲ ಗಂಟೆಯ ಕೆಲಸವಾದ ಮೇಲೆ ತಂದು ಸುರಿದ ಹೊಸ ಮಾಲು ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಳದಲ್ಲಿ ಹಳೆಯವು. ಮೂರನೆಯದಕ್ಕೆ ಮೀಟರು ತೊಂಬತ್ತೊಂಬತ್ತು ಸಾವಿರ ತೋರಿಸಿತು. ಇನ್ನೊಮ್ಮೆ ಹಿಡಿದಳು. ಅಷ್ಟೇ. ಐದನೆಯದೂ ಹಾಗೇ. ಒಟ್ಟು ಹದಿನೇಳು ಸಿಕ್ಕವು. ಅವುಗಳ ಜೊತೆ ಒಂದು ಹೇರ್‌ಪಿನ್ನು, ಸ್ವಲ್ಪ ಸುಣ್ಣದ ಪುಡಿ. ಒಂದು ಲಕ್ಷದ ಖಾನೆಯನ್ನು ಎಳೆದು ಸುರಿದಳು. ಅಲ್ಲಿ ಕಿತ್ತಳೆ ಪಟ್ಟೆಯವು.

ಕೈ ತಪ್ಪಿರಲಿಲ್ಲ. ಎದೆ ಹಗುರಾಗಬಹುದು ಎಂದು ಕಾದಳು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಕೇಳಿಸಿಕೊಂಡಳು. ಏನೂ ಆಗಲಿಲ್ಲ.

"ಸಿಕ್ತಾ?" ಅತ್ತೆ ಹೊಸ್ತಿಲ ಮೇಲಿದ್ದರು.

ಅವಳು ಹೇರ್‌ಪಿನ್ನನ್ನು ಬಟ್ಟೆಯ ಮೇಲಿಟ್ಟಳು. ಅತ್ತೆ ಅದನ್ನು ನೋಡಿ ತಮ್ಮ ತುರುಬನ್ನು ಮುಟ್ಟಿಕೊಂಡರು. ಗೋಡೆ ಹಿಡಿದುಕೊಂಡು ನಿಧಾನಕ್ಕೆ ನೆಲದ ಮೇಲೆ ಕೂತರು.

"ಸುಣ್ಣ ಹೊಡ್ಸಿದ ದಿನ ಕಣೇ. ಗೋಡೆ ಒರೆಸೋಣ ಅಂತ ಕಪಾಟು ಸರಿಸ್ದೆ. ಎರಡು ಡಬ್ಬಿ ಜಾರಿ ಬಿತ್ತು. ನೀನು ಅಂಗಡಿಗೆ ಹೋಗಿದ್ದೆ. ಬರೋದ್ರೊಳಗೆ ಎತ್ತಿಡೋಣ ಅಂತ ಒಂದೊಂದೇ ಆರಿಸ್ದೆ. ಹೊರಗೆ ಅಂಟಿಸಿದ್ಯಲ್ಲ, ಅದರ ಪಕ್ಕ ಹಿಡಿದು ಹಿಡಿದು ನೋಡ್ದೆ. ನನ್ನ ಕಣ್ಣಿಗೆ ಸರಿ ಅಂತಾನೇ ಕಾಣ್ತು."

"ಹೇಳ್ಬೇಕಿತ್ತು."

"ಹೇಳಿದ್ರೆ ಬೈತಿದ್ದೆ."

"ಹೌದು. ಬೈತಿದ್ದೆ."

"ಎರಡು ದಿನ ಮಾತು ಬಿಡ್ತಿದ್ದೆ."

"ಎರಡು ದಿನ ಅಲ್ಲ, ನಾಲ್ಕು ದಿನ."

ಅತ್ತೆಯ ಬಾಯಿ ನಗುವುದಕ್ಕೆ ಹೋಗಿ ಅಳುವುದಕ್ಕೆ ತಿರುಗಿತು. "ಆ ಹುಡುಗಿ ಬರಲಿ. ನಾನೇ ಹೇಳ್ತೀನಿ. ಮುದುಕಿ ಮಾಡಿದ್ದು ಅಂದ್ರೆ ಏನ್ ಮಾಡ್ತಾರೆ, ಜೈಲಿಗೆ ಹಾಕ್ತಾರಾ?"

ಸಮಾಧಾನ ಮಾಡಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಕೈ ಏಳಲಿಲ್ಲ. ಎದ್ದು ಹೋಗಿ ಅತ್ತೆಗೆ ಕುಡಿಯಲು ನೀರು ತಂದುಕೊಟ್ಟಳು.

ಭಾನುವಾರ ಹನ್ನೊಂದಕ್ಕೆ ಟೈಲರ ಮಗಳು ಬಂದಳು. ಅತ್ತೆ ತಲೆ ಬಾಚಿ, ಹೊರಗೆ ಹೋಗುವ ಸೀರೆ ಉಟ್ಟು ಮೊದಲೇ ಬಂದು ಕೋಣೆಯಲ್ಲಿ ಕೂತಿದ್ದರು. ಮಗಳು ಕುರ್ಚಿ ಎಳೆದುಕೊಳ್ಳುವ ಮೊದಲೇ ಶುರುಮಾಡಿದರು.

"ನೋಡಮ್ಮಾ, ಇದರಲ್ಲಿ ನನ್ನ ಸೊಸೇದು ಏನೂ..."

"ಅತ್ತೆ, ಇರಿ." ಡಬ್ಬಿ ಅಕ್ಕ ಎರಡು ರೆಸಿಸ್ಟರುಗಳನ್ನು ಬಟ್ಟೆಯ ಮೇಲಿಟ್ಟಳು. "ಇದು ಇರ್ಬೇಕಿತ್ತು. ಇದು ಇತ್ತು. ಖಾನೆಗಳು ಬಿದ್ದು ಎರಡೂ ಬೆರೆತಿದ್ವು, ಅದು ನನಗೆ ಗೊತ್ತಿರಲಿಲ್ಲ. ಆದ್ರೆ ಹಾಕೋ ಮುಂಚೆ ಅಳೀಬೇಕಿತ್ತು. ಮೀಟರು ಇಲ್ಲೇ, ಕೈಯಳತೇಲಿ ಇತ್ತು. ನಾನು ಅಳೀಲಿಲ್ಲ."

ಮಗಳು ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ಕಿಟಕಿಯ ಬೆಳಕಿಗೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಇಷ್ಟೇನಾ?"

"ಇಷ್ಟೇ."

"ಅಳೆಯೋಕೆ ಎಷ್ಟು ಹೊತ್ತು ಬೇಕು?"

ಡಬ್ಬಿ ಅಕ್ಕ ಮೀಟರಿನತ್ತ ನೋಡಿದಳು. "ಉಸಿರು ಬಿಡೋಷ್ಟು."

ಅತ್ತೆಯ ಬಳೆ ಒಮ್ಮೆ ಸದ್ದು ಮಾಡಿತು. ಮಗಳು ಎರಡನ್ನೂ ಮೇಜಿನ ಮೇಲೆ ಇಟ್ಟಳು, ಒಂದರಿಂದ ಇನ್ನೊಂದನ್ನು ದೂರಕ್ಕೆ ಸರಿಸಿ.

"ಅಮ್ಮ ಈಗ ಅದೇ ಮಂಚದಲ್ಲಿ ಮಲಗ್ತಾಳೆ. ಎದ್ದು ಓಡಾಡೋದು ಕಷ್ಟ. ಗಂಟೆ ಬೇಕು."

"ಬೇರೆಯವರ ಹತ್ರ ಮಾಡಿಸಿ. ನಾನು ಇನ್ನು..."

"ಬೇರೆ ಯಾರಿದ್ದಾರೆ ಅಕ್ಕ ಈ ಊರಲ್ಲಿ?"

"ನಾಳೆ ಮಾಡಿಡ್ತೀನಿ. ಸಂಜೆ ಬನ್ನಿ."

"ಇಲ್ಲ." ಧ್ವನಿ ಏರಲಿಲ್ಲ, ಮೃದುವಾಗಿಯೂ ಇರಲಿಲ್ಲ. "ಈಗ ಮಾಡಿ. ನನ್ನ ಮುಂದೆ. ಅಳೆದಿದ್ದು ನಾನು ನೋಡ್ಬೇಕು."

ಡಬ್ಬಿ ಅಕ್ಕ ಬೆಸುಗೆ ಕಡ್ಡಿ ಕಾಯಲು ಇಟ್ಟಳು. ಆರು ದಿನವಾಗಿತ್ತು ಅದನ್ನು ಮುಟ್ಟಿ. ಮಗಳು ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಮೀಟರಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಡಬ್ಬಿ ಅಕ್ಕ ಕಿತ್ತಳೆ ಪಟ್ಟೆಯದನ್ನು ಮೀಟರಿನ ಕಡ್ಡಿಗಳ ನಡುವೆ ಹಿಡಿದಳು.

"ಎಷ್ಟು ಬಂತು?"

"ಒಂಬತ್ತು, ಚುಕ್ಕೆ, ಒಂಬತ್ತು."

"ಅಂದ್ರೆ ಹೆಚ್ಚು ಕಮ್ಮಿ ಹತ್ತು ಸಾವಿರ. ಸರಿ ಇದೆ."

"ಇನ್ನೊಂದ್ಸಲ ಹಿಡೀರಿ."

ಹಿಡಿದಳು. ಮಗಳು ಅದೇ ಅಂಕಿಯನ್ನು ಇನ್ನೊಮ್ಮೆ ಓದಿದಳು. ಡಬ್ಬಿ ಅಕ್ಕ ತಂತಿಯ ಕಾಲುಗಳನ್ನು ಬಗ್ಗಿಸಿ ತೂತಿಗೆ ತೂರಿಸಿದಳು, ಬೆಸುಗೆ ಕಡ್ಡಿಯ ತುದಿ ತಾಗಿಸಿದಳು. ಸಣ್ಣಗೆ ಹೊಗೆ ಎದ್ದಿತು. ತನ್ನ ಕೈಯನ್ನು ಅವಳು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದಳು. ಎದುರು ಕೂತವಳು ಕಣ್ಣು ಮಿಟುಕಿಸದೆ ಅದೇ ಕೈಯನ್ನು ನೋಡುತ್ತಿದ್ದಳು.